ವಿಡಿಯೊ ಪಾಠ ಸರಿ ಇದೆ, ಕ್ವಿಜ್ ಮಾತ್ರ ಬರೆಯಲು ಆಗುತ್ತಿಲ್ಲ. ದೂರು ಹೇಗೆ ಬರೆಯಲಿ?

ಕಿವಿಯೋದು:
ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಳಸುತ್ತೇನೆ. ಈಗ ಸಂಖ್ಯಾಶಾಸ್ತ್ರದ ಒಂದು ಆನ್‌ಲೈನ್ ಕೋರ್ಸ್ ಮಾಡುತ್ತಿದ್ದೇನೆ. ಯಾವ ಸಂಸ್ಥೆಯದು ಅನ್ನೋದು ಇಲ್ಲಿ ಬೇಡ. ವಿಡಿಯೊಗಳು ಚೆನ್ನಾಗಿವೆ, ಪ್ಲೇಯರ್‌ನ ಬಟನ್‌ಗಳೆಲ್ಲ ಹೆಸರು ಹೇಳುತ್ತವೆ, ಟಿಪ್ಪಣಿಗಳೂ ಪರವಾಗಿಲ್ಲ. ಸಿಕ್ಕಿಹಾಕಿಕೊಂಡಿರುವುದು ಮಾಡ್ಯೂಲ್ ಕೊನೆಯ ಕ್ವಿಜ್‌ನಲ್ಲಿ.

ಮೊದಲ ಪ್ರಶ್ನೆಯೇ ಎಳೆದು ಬಿಡುವಂಥದ್ದು. ಎಡಗಡೆ ಪದಗಳು, ಬಲಗಡೆ ಖಾಲಿ ಚೌಕಗಳು. ಮೌಸ್ ಹಿಡಿದು ಪದವನ್ನು ಚೌಕಕ್ಕೆ ಎಳೆಯಬೇಕಂತೆ. ಪದಗಳನ್ನು ಸ್ಕ್ರೀನ್ ರೀಡರ್ ಓದುತ್ತದೆ. ಚೌಕಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಎಂಟರ್ ಒತ್ತಿದರೂ ಸ್ಪೇಸ್ ಒತ್ತಿದರೂ ಏನೂ ಆಗುವುದಿಲ್ಲ. ಹೋಗಲಿ, ಒಂದು ಅಂಕ ಬಿಟ್ಟು ಮುಂದೆ ಹೋಗೋಣ ಅಂದರೆ ಉತ್ತರ ಹಾಕದೆ 'ಮುಂದೆ' ಬಟನ್ ಕೆಲಸ ಮಾಡಲ್ಲ.

ಇದರ ಮೇಲೆ ಟೈಮರ್ ಬೇರೆ. ಅದು ಪ್ರತಿ ಸೆಕೆಂಡೂ ಬಾಯಿ ಹಾಕುತ್ತದೆ. 'ಹದಿನಾಲ್ಕು ನಿಮಿಷ ಐವತ್ತೆರಡು ಸೆಕೆಂಡು', 'ಹದಿನಾಲ್ಕು ನಿಮಿಷ ಐವತ್ತೊಂದು'... ಪ್ರಶ್ನೆಯ ಎರಡು ಪದ ಕೇಳಿಸುವಷ್ಟರಲ್ಲಿ ಮತ್ತೆ ಸಮಯ ಹೇಳಲು ಶುರು.

ಸಹಾಯ ವಿಭಾಗಕ್ಕೆ ಬರೆದರೆ 'ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಬರೆಯಿರಿ, ಇಲ್ಲವೇ ಬೇರೆ ಬ್ರೌಸರ್ ಬಳಸಿ ನೋಡಿ' ಎಂಬ ಹಾರಿಕೆ ಉತ್ತರ. ಆದರೆ ಕ್ವಿಜ್ ಶುರುವಾಗುವ ಮೊದಲು 'ಬೇರೆಯವರ ನೆರವಿಲ್ಲದೆ ಬರೆಯುತ್ತೇನೆ' ಅಂತ ಅವರೇ ಟಿಕ್ ಹಾಕಿಸಿಕೊಂಡಿದ್ದಾರೆ!

ಮತ್ತೆ ದೂರು ಕೊಡಬೇಕು. ಈ ಸಲ ಅವರಿಗೆ ತಳ್ಳಿಹಾಕಲು ಆಗಬಾರದು. ನೀವೆಲ್ಲ ಹೇಗೆ ಬರೆದಿದ್ದೀರಿ?

ಟ್ಯಾಬ್‌ಕೀಲಿ:
ಎಳೆದು ಬಿಡುವ ಪ್ರಶ್ನೆ ಅಂತ ನೋಡಿದ ಕೂಡಲೇ ಓಡಿ ಬಂದೆ. ನನ್ನ ಕಣ್ಣು ಸರಿ ಇದೆ, ಕೈ ನಡುಗುತ್ತದೆ. ಮೌಸ್ ಒತ್ತಿ ಹಿಡಿದು ಆ ಕಡೆಯಿಂದ ಈ ಕಡೆಗೆ ಎಳೆಯುವಷ್ಟು ಹೊತ್ತು ಬೆರಳು ನಿಲ್ಲುವುದಿಲ್ಲ. ನಡುವೆ ಬಿಟ್ಟುಹೋಗಿ ಪದ ಇನ್ಯಾವುದೋ ಚೌಕಕ್ಕೆ ಬೀಳುತ್ತದೆ. ಉತ್ತರ ಗೊತ್ತಿದ್ದೂ ಸೊನ್ನೆ.

ಅಂಗವಿಕಲರಿಗೂ ವೆಬ್ ಬಳಸಲು ಆಗಬೇಕು ಅಂತ ಮಾಡಿದ ಸುಗಮ್ಯತಾ ಮಾರ್ಗಸೂಚಿ ಡಬ್ಲ್ಯೂಸಿಎಜಿ ಇದೆಯಲ್ಲ, ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ 2.5.7 ಅಂತ ಒಂದು ನಿಯಮ ಇದೆ. ಎಳೆದು ಮಾಡುವ ಕೆಲಸ ಯಾವುದೇ ಇರಲಿ, ಎಳೆಯದೆ ಮಾಡುವ ದಾರಿಯೂ ಇರಬೇಕು. ಮೊದಲು ಪದದ ಮೇಲೆ ಒಂದು ಕ್ಲಿಕ್, ಆಮೇಲೆ ಚೌಕದ ಮೇಲೆ ಒಂದು ಕ್ಲಿಕ್, ಅಷ್ಟಾದರೂ ಸಾಕು. ಅದೇ ಆವೃತ್ತಿಯ 2.5.8 ಬಟನ್ ಗಾತ್ರದ್ದು. ಕನಿಷ್ಠ 24 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಅಂತ ಹೇಳುತ್ತದೆ, ಕೆಲವು ವಿನಾಯಿತಿ ಇವೆ. ಕ್ವಿಜ್‌ಗಳ ಆ ಸಾಸಿವೆ ಕಾಳಿನಂಥ ರೇಡಿಯೊ ಬಟನ್‌ಗಳನ್ನು ನೆನೆಸಿಕೊಳ್ಳಿ.

ನಿಮ್ಮ ವಿಷಯಕ್ಕೆ ಇನ್ನೂ ಹಳೆಯ ನಿಯಮವೇ ಸಾಕು. 2.1.1, ಎಲ್ಲವೂ ಕೀಬೋರ್ಡ್‌ನಿಂದ ಆಗಬೇಕು ಅನ್ನೋದು. 2008ರ 2.0 ಆವೃತ್ತಿಯಿಂದಲೂ ಇದೆ, ಅದೂ ಅತಿ ಕೆಳಗಿನ 'ಎ' ಮಟ್ಟದಲ್ಲಿ. ಹೊಸ ನಿಯಮ, ಇನ್ನೂ ಅಳವಡಿಸಿಕೊಳ್ಳುತ್ತಿದ್ದೇವೆ ಅಂತ ಅವರು ಸಬೂಬು ಹೇಳುವ ಹಾಗಿಲ್ಲ.

ಕೋಡ್‌ಕೆಲಸ:
ನಾನು ಇಂಥ ತಂತ್ರಾಂಶ ಬರೆಯುವವನು. ಟೈಮರ್ ಯಾಕೆ ಹಾಗೆ ಕೂಗುತ್ತದೆ ಅಂತ ಹೇಳುತ್ತೇನೆ.

ಪುಟದಲ್ಲಿ ತಾನಾಗಿ ಬದಲಾಗುವ ಭಾಗಗಳನ್ನು ಸ್ಕ್ರೀನ್ ರೀಡರ್‌ಗೆ ತಿಳಿಸಲು ಏರಿಯಾ-ಲೈವ್ (aria-live) ಎಂಬ ಗುರುತು ಇದೆ. ಅದಕ್ಕೆ ಮೂರು ಬೆಲೆ ಕೊಡಬಹುದು. 'ಆಫ್' ಅಂದರೆ ಸುಮ್ನಿರು. 'ಪೊಲೈಟ್' ಅಂದರೆ ಈಗ ಓದುತ್ತಿರುವುದು ಮುಗಿಯಲಿ, ಆಮೇಲೆ ಹೇಳು. 'ಅಸರ್ಟಿವ್' ಅಂದರೆ ಓದುತ್ತಿರುವುದನ್ನು ತಡೆದು ಈಗಲೇ ಹೇಳು. ನಿಮ್ಮ ಕ್ವಿಜ್‌ನಲ್ಲಿ ಯಾರೋ ಟೈಮರ್‌ಗೆ 'ಅಸರ್ಟಿವ್' ಹಾಕಿರಬೇಕು. ಸಮಯ ಮುಖ್ಯ, ಕೇಳಿಸಲೇಬೇಕು ಅಂತ ಒಳ್ಳೇ ಮನಸ್ಸಿನಿಂದಲೇ ಹಾಕಿರುತ್ತಾರೆ. ಸ್ಕ್ರೀನ್ ರೀಡರ್ ಹಾಕಿಕೊಂಡು ಒಂದೇ ಒಂದು ಪ್ರಶ್ನೆ ಓದಿ ನೋಡಿದ್ದರೆ ಗೊತ್ತಾಗುತ್ತಿತ್ತು. ಟೈಮರ್ ಸುಮ್ಮನಿದ್ದು, ಐದು ನಿಮಿಷ ಉಳಿದಾಗ ಒಮ್ಮೆ, ಒಂದು ನಿಮಿಷ ಉಳಿದಾಗ ಒಮ್ಮೆ ಹೇಳಿದರೆ ಸಾಕು. ಇದು ದೊಡ್ಡ ಕೆಲಸ ಅಲ್ಲ, ಒಂದು ಪದ ಬದಲಿಸಿ ಎರಡು ಸಾಲು ಸೇರಿಸಿದರೆ ಆಯಿತು.

ಅಲ್ಲಿಯವರೆಗೆ ಒಂದು ಉಪಾಯ ಇದೆ. ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್) ಹಿಡಿದು 5 ಒತ್ತಿ. ತಾನಾಗಿ ಬದಲಾಗುವುದನ್ನು ಹೇಳುವ ಸೌಲಭ್ಯ ಬಂದ್ ಆಗುತ್ತದೆ. ಇನ್ನೊಮ್ಮೆ ಒತ್ತಿದರೆ ವಾಪಸ್.

ಕಿವಿಯೋದು:
ಅಬ್ಬಾ, ಸುಮ್ಮನಾಯಿತು! ತುಂಬಾ ಥ್ಯಾಂಕ್ಸ್. ಆದರೆ ಈಗ 'ಉತ್ತರ ಉಳಿಸಲಾಗಿದೆ' ಅನ್ನುವುದೂ ಕೇಳಿಸುತ್ತಿಲ್ಲ. ಉಳಿಯಿತೋ ಇಲ್ಲವೋ ಅಂತ ಪ್ರತಿ ಸಲ ವಾಪಸ್ ಹೋಗಿ ನೋಡಬೇಕು.

ಕೋಡ್‌ಕೆಲಸ:
ಹೌದು, ಅದು ಎಲ್ಲವನ್ನೂ ಒಟ್ಟಿಗೆ ಮುಚ್ಚುತ್ತದೆ. ಅದಕ್ಕೇ ಸರಿಪಡಿಸುವುದು ಅವರ ಕಡೆಯಿಂದಲೇ ಆಗಬೇಕು.

ಸನ್ನೆಮಾತು:
ನಾನು ಕಿವಿ ಕೇಳದವಳು. ಆನ್‌ಲೈನ್ ಪಾಠ ಅಂದ ತಕ್ಷಣ ಎಲ್ಲರೂ ವಿಡಿಯೊಗೆ ಕ್ಯಾಪ್ಷನ್ ಇದೆಯಾ ಅಂತ ಮಾತ್ರ ಕೇಳುತ್ತಾರೆ. ಇರುತ್ತದೆ, ಯಂತ್ರ ಹಾಕಿದ ಕ್ಯಾಪ್ಷನ್. ಅದು ಎಂಥದ್ದು ಅಂತ ಒಂದು ಸ್ಯಾಂಪಲ್ ಕೊಡುತ್ತೇನೆ. ಕಿವಿಯೋದು ಅವರು ಮಾಡುತ್ತಿರುವ ವಿಷಯವೇ. 'ಈ ಅಂಕಿಗಳ ಮೀನ್ ಕಂಡುಹಿಡಿಯಿರಿ' (ಮೀನ್ ಅಂದರೆ ಸರಾಸರಿ) ಅಂತ ಮೇಷ್ಟ್ರು ಹೇಳಿದ್ದು ನನ್ನ ಪರದೆಯಲ್ಲಿ 'ಈ ಅಂಗಿಗಳ ಮೀನು ಕಂಡುಹಿಡಿಯಿರಿ' ಅಂತ ಬಂತು. ಇಡೀ ಪಾಠದ ತುಂಬ ಮೀನು. ಸಾಲದ್ದಕ್ಕೆ ಕ್ಯಾಪ್ಷನ್ ಬರುವುದು ಪರದೆಯ ಕೆಳಗೆ, ಸೂತ್ರ ಬರೆದಿರುವುದೂ ಅಲ್ಲೇ. ಕ್ಯಾಪ್ಷನ್ ನೋಡಿದರೆ ಸೂತ್ರ ಮುಚ್ಚಿಹೋಗುತ್ತದೆ, ತೆಗೆದರೆ ಮಾತು ಹೋಗುತ್ತದೆ.

ಆದರೂ ಪಾಠವನ್ನು ಹೇಗೋ ದಾಟುತ್ತೇನೆ. ಪುಸ್ತಕ ಇದೆ, ಗೆಳತಿಯರ ನೋಟ್ಸ್ ಇದೆ. ದಾಟಲು ಆಗದ್ದು ಅಂಕ ಕೊಡುವ ಜಾಗದಲ್ಲೇ. ವಿಡಿಯೊ ನಡುವೆ ತಟ್ಟನೆ ಪ್ರಶ್ನೆ ಬರುತ್ತದಲ್ಲ, ಕೆಲವು ಕೋರ್ಸ್‌ಗಳಲ್ಲಿ ಆ ಪ್ರಶ್ನೆಯನ್ನು ಬಾಯಲ್ಲಿ ಕೇಳುತ್ತಾರೆ, ಪರದೆ ಮೇಲೆ ಎ, ಬಿ, ಸಿ, ಡಿ ಅಂತ ಬಟನ್ ಮಾತ್ರ. ಕ್ಯಾಪ್ಷನ್ ಅಷ್ಟರಲ್ಲಿ ಮಾಯ. ನೇರ ತರಗತಿಯಲ್ಲಿ ಸಂಜ್ಞಾಭಾಷೆಯ ದುಭಾಷಿ ಇದ್ದರೂ ಅಷ್ಟೇ. ಮೇಷ್ಟ್ರು ತಮ್ಮ ಪರದೆ ಹಂಚಿಕೊಂಡ ತಕ್ಷಣ ದುಭಾಷಿಯ ಕಿಟಕಿ ಅಂಚೆಚೀಟಿಯಷ್ಟಾಗಿ ಮೂಲೆ ಸೇರುತ್ತದೆ. ಬೆರಳು ಕಾಣದಿದ್ದರೆ ನಾನು ಏನು ಓದಲಿ?

ಲೆಕ್ಕಾಚಾರ:
ಬೇಜಾರಾಗಬೇಡಿ, ಒಂದು ಮಾತು ಕೇಳಬೇಕು. ನಾನು ಸಣ್ಣ ತಂಡದಲ್ಲಿ ಕೋರ್ಸ್ ಮಾಡುವವನು. ಪ್ರತಿ ವಿಡಿಯೊಗೆ ಕೈಯಿಂದ ಕ್ಯಾಪ್ಷನ್, ಪ್ರತಿ ಚಿತ್ರಕ್ಕೆ ವಿವರಣೆ, ಪ್ರತಿ ಕ್ವಿಜ್‌ಗೆ ಎರಡು ರೂಪ, ಇದೆಲ್ಲ ಕಡ್ಡಾಯ ಮಾಡಿದರೆ ಉಚಿತ ಪಾಠಗಳೇ ನಿಂತುಹೋಗುತ್ತವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆದದ್ದು ಗೊತ್ತಲ್ವಾ? ಕಿವುಡರಿಗೆ ಎಟುಕುವುದಿಲ್ಲ ಅಂತ ದೂರು ಹೋದ ಮೇಲೆ, ಎಲ್ಲರಿಗೂ ತೆರೆದಿಟ್ಟಿದ್ದ 20,000ಕ್ಕೂ ಹೆಚ್ಚು ಪಾಠಗಳನ್ನು 2017ರಲ್ಲಿ ಸಾರ್ವಜನಿಕರಿಂದ ವಾಪಸ್ ತೆಗೆದುಕೊಂಡರು. ದೂರಿನಿಂದ ಯಾರಿಗೆ ಲಾಭ ಆಯಿತು?

ಸನ್ನೆಮಾತು:
ಗೊತ್ತು. ಪೂರ್ತಿ ಕಥೆಯೂ ಗೊತ್ತು. 2016ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಆ ಪಾಠಗಳನ್ನು ನೋಡಿ, ಕಿವುಡರಿಗೂ ಕುರುಡರಿಗೂ ಎಟುಕುವ ಹಾಗೆ ಸರಿಪಡಿಸಿ ಅಂದಿತು. ತೆಗೆದುಹಾಕಿ ಅಂತ ಹೇಳಲಿಲ್ಲ. ವಿಶ್ವವಿದ್ಯಾಲಯ ಖರ್ಚಿನ ಲೆಕ್ಕ ಹಾಕಿ ಬಾಗಿಲು ಹಾಕಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಆಮೇಲೆ ಬಯ್ಯಿಸಿಕೊಂಡವರು ಮಾತ್ರ ದೂರು ಕೊಟ್ಟವರು. ಕೊನೆಗೆ 2022ರಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ಪಾಠಗಳನ್ನು ಸರಿಪಡಿಸಲು ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು.

ಇನ್ನೊಂದು ಉದಾಹರಣೆ ನೋಡಿ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 2015ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಮೇಲೆ ಕ್ಯಾಪ್ಷನ್ ವಿಷಯಕ್ಕೇ ದಾವೆ ಹೂಡಿತು. 2019ರಲ್ಲಿ ಹಾರ್ವರ್ಡ್, 2020ರಲ್ಲಿ ಎಂಐಟಿ ರಾಜಿಗೆ ಒಪ್ಪಿ, ಕ್ಯಾಪ್ಷನ್ ಹಾಕುತ್ತೇವೆ ಅಂದವು. ಪಾಠಗಳೇನೂ ನಿಂತುಹೋಗಲಿಲ್ಲ.

ಲೆಕ್ಕಾಚಾರ:
ಅವು ದುಡ್ಡಿರುವ ಸಂಸ್ಥೆಗಳು. ನನ್ನಂಥವನ ಬಳಿ ಆ ದುಡ್ಡಿಲ್ಲ, ವಿಷಯ ಅಷ್ಟೇ.

ಪಾಠಕಟ್ಟುವವಳು:
ಲೆಕ್ಕಾಚಾರ ಅವರೇ, ನಾನೂ ಕೋರ್ಸ್ ಕಟ್ಟುವ ಕೆಲಸದವಳೇ. ಖರ್ಚಿನ ಮಾತು ಸುಳ್ಳಲ್ಲ. ಹಳೆಯ ನೂರಾರು ವಿಡಿಯೊಗಳಿಗೆ ಕ್ಯಾಪ್ಷನ್ ತಿದ್ದುವುದು ನಿಜಕ್ಕೂ ಬೆನ್ನು ಮುರಿಯುವ ಕೆಲಸ. ಆದರೆ ಈ ಚರ್ಚೆ ಶುರುವಾಗಿದ್ದು ಎಳೆದು ಬಿಡುವ ಪ್ರಶ್ನೆಯಿಂದ. ಅದನ್ನು ಹಾಕದಿದ್ದರೆ ಖರ್ಚು ಉಳಿಯುತ್ತದೆ! ಅದೇ ಪ್ರಶ್ನೆಯನ್ನು ಡ್ರಾಪ್‌ಡೌನ್ ಪಟ್ಟಿಯಲ್ಲಿ ಕೊಟ್ಟರೆ ಅಳೆಯುವ ಜ್ಞಾನ ಒಂದೇ, ಎಲ್ಲರೂ ಬರೆಯುತ್ತಾರೆ. ಹಾಗಿದ್ದರೂ ಯಾಕೆ ಹಾಕುತ್ತೇವೆ ಅಂದರೆ, ಮೇಲಿನವರು 'ಸ್ವಲ್ಪ ಇಂಟರ‍್ಯಾಕ್ಟಿವ್ ಮಾಡಿ' ಅನ್ನುತ್ತಾರೆ. ಡೆಮೊದಲ್ಲಿ ಪದಗಳು ಹಾರಿ ಹೋಗಿ ಚೌಕದಲ್ಲಿ ಕೂತರೆ ಚಪ್ಪಾಳೆ ಬೀಳುತ್ತದೆ. ಡ್ರಾಪ್‌ಡೌನ್‌ಗೆ ಯಾರೂ ಚಪ್ಪಾಳೆ ತಟ್ಟಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಲಿಕಾ ವ್ಯವಸ್ಥೆ ಮಾರುವ ಕಂಪನಿಗಳು 'ನಮ್ಮದು ಡಬ್ಲ್ಯೂಸಿಎಜಿ ಎಎ ಮಟ್ಟಕ್ಕೆ ಹೊಂದುತ್ತದೆ' ಅಂತ ವರದಿ ಕೊಡುತ್ತವೆ. ಎಎ ಅಂದರೆ 'ಎ'ಗಿಂತ ಒಂದು ಮೆಟ್ಟಿಲು ಮೇಲೆ. ಆ ವರದಿ ಸಾಮಾನ್ಯವಾಗಿ ಅವರ ಮೆನು, ಅವರ ಬಟನ್, ಅವರ ಲಾಗಿನ್ ಪುಟದ್ದು. ಅದರೊಳಗೆ ಬೇರೊಂದು ಟೂಲ್‌ನಲ್ಲಿ ಮಾಡಿ ಸ್ಕಾರ್ಮ್ ಪ್ಯಾಕೇಜ್ (ಯಾವ ಕಲಿಕಾ ವ್ಯವಸ್ಥೆಗೂ ಹಾಕಬಹುದಾದ ಪಾಠದ ಕಟ್ಟು) ಅಂತ ತಂದು ಹಾಕುವ ಪಾಠಕ್ಕೂ ಆ ವರದಿಗೂ ಸಂಬಂಧವಿಲ್ಲ. ಆಗ ಕಂಪನಿ ಪಾಠ ಮಾಡಿದವರನ್ನು ತೋರಿಸುತ್ತದೆ, ಪಾಠ ಮಾಡಿದವರು ಟೂಲ್ ತೋರಿಸುತ್ತಾರೆ, ಟೂಲ್‌ನವರು 'ಸೆಟ್ಟಿಂಗ್ ಇದೆ, ನೀವು ಆನ್ ಮಾಡಿಲ್ಲ' ಅನ್ನುತ್ತಾರೆ. ಹಾಗಾಗಿ ಕಿವಿಯೋದು ಅವರೇ, ದೂರನ್ನು ಸಹಾಯ ವಿಭಾಗಕ್ಕೆ ಮಾತ್ರ ಕಳಿಸಬೇಡಿ, ಪಾಠ ಮಾಡುವವರಿಗೂ ಹೋಗಲಿ.

ಸಮಯದ ಬಗ್ಗೆ: ಹೆಚ್ಚಿನ ಸಮಯ ಕೊಡಲು ತಂತ್ರಾಂಶ ತಿದ್ದಬೇಕಾಗಿಯೇ ಇಲ್ಲ. ಮೂಡಲ್ ಎಂಬ ಕಲಿಕಾ ವ್ಯವಸ್ಥೆಯಲ್ಲಿ ಕ್ವಿಜ್‌ಗೆ 'ಓವರ್‌ರೈಡ್' ಅಂತ ಇದೆ. ಒಬ್ಬ ವಿದ್ಯಾರ್ಥಿಗೆ ಮಾತ್ರ ಬೇರೆ ಅವಧಿ, ಬೇರೆ ಗಡುವು ಹಾಕಬಹುದು. ಉಳಿದ ದೊಡ್ಡ ವ್ಯವಸ್ಥೆಗಳಲ್ಲೂ ಇಂಥದ್ದು ಇರುತ್ತದೆ. ಮಾಡಲು ಬರಲ್ಲ ಅಂತ ಹೇಳಿದರೆ ನಂಬಬೇಡಿ.

ಟ್ಯಾಬ್‌ಕೀಲಿ:
ಆದರೆ ಅದಕ್ಕೆ ಒಬ್ಬೊಬ್ಬರೂ ಕೇಳಿಕೊಳ್ಳಬೇಕು. ಮಾರ್ಗಸೂಚಿಯ 2.2.1 ಸಮಯ ಹೆಚ್ಚಿಸುವ ಅವಕಾಶ ಇರಬೇಕು ಅನ್ನುತ್ತದೆ, ಸರಿ. ಅದರ ಜೊತೆಗೆ 'ಸಮಯದ ಮಿತಿ ಆ ಚಟುವಟಿಕೆಗೆ ಅತ್ಯಗತ್ಯವಾಗಿದ್ದರೆ' ಅಂತ ವಿನಾಯಿತಿ ಕೊಡುತ್ತದೆ. ಪರೀಕ್ಷೆ ನಡೆಸುವವರೆಲ್ಲ ಆ ಕಿಂಡಿಯಲ್ಲೇ ನುಸುಳುತ್ತಾರೆ. ಪ್ರತಿ ಕೋರ್ಸ್‌ನಲ್ಲೂ ಹೊಸದಾಗಿ ಅರ್ಜಿ, ಹೊಸದಾಗಿ ವೈದ್ಯರ ಚೀಟಿ. ನಡುಗುವ ಕೈ ಕೋರ್ಸ್ ಬದಲಾದ ತಕ್ಷಣ ನಿಲ್ಲುತ್ತದಾ?

ಅಕ್ಷರಜಾರು:
ಓದುವಾಗ ಅಕ್ಷರ ಅದಲುಬದಲಾಗುವ ತೊಂದರೆ ನನ್ನದು, ಡಿಸ್ಲೆಕ್ಸಿಯಾ. ನನ್ನ ಅಡ್ಡಿಯೂ ಕ್ವಿಜ್‌ನಲ್ಲೇ. ಬಿಟ್ಟ ಸ್ಥಳ ತುಂಬಿ ಅಂತ ಇರುತ್ತದೆ. ಉತ್ತರ ಗೊತ್ತು, ಬರೆಯುತ್ತೇನೆ, ಒಂದು ಒತ್ತಕ್ಷರ ಆಚೀಚೆ ಆಗಿರುತ್ತದೆ, ಯಂತ್ರ 'ತಪ್ಪು' ಅನ್ನುತ್ತದೆ. ಅದು ಭಾಷಾ ಪರೀಕ್ಷೆ ಆಗಿದ್ದರೆ ಒಪ್ಪುತ್ತಿದ್ದೆ. ಜೀವಶಾಸ್ತ್ರಕ್ಕೆ ಯಾಕೆ? ಒಪ್ಪಬಹುದಾದ ಉತ್ತರಗಳು ಅಂತ ನಾಲ್ಕೈದು ರೂಪ ಕೊಡುವ ಜಾಗ ಎಷ್ಟೋ ತಂತ್ರಾಂಶಗಳಲ್ಲಿ ಇದೆ. ತುಂಬುವವರು ಕಡಿಮೆ.

ಸಾಲುಗಳ ನಡುವೆ ಜಾಗ ಜಾಸ್ತಿ ಮಾಡಿಕೊಂಡರೆ ನನಗೆ ಓದಲು ಸುಲಭ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಎತ್ತರ ಇಟ್ಟರೂ ಪುಟ ಕೆಡಬಾರದು ಅಂತ ಅದೇ ಮಾರ್ಗಸೂಚಿಯ 1.4.12 ಹೇಳುತ್ತದಂತೆ. ನಮ್ಮ ಕ್ವಿಜ್‌ನಲ್ಲಿ ಹಾಗೆ ಮಾಡಿದರೆ ನಾಲ್ಕನೇ ಆಯ್ಕೆ ಚೌಕಟ್ಟಿನ ಹೊರಗೆ ಹೋಗಿ ಕಾಣೆಯಾಗುತ್ತದೆ. 'ಮೇಲಿನ ಎಲ್ಲವೂ' ಅನ್ನೋ ಆಯ್ಕೆ ಇರುವುದು ಸಾಮಾನ್ಯವಾಗಿ ಅಲ್ಲೇ ಅಲ್ವಾ!

ಅಲುಗುಕಣ್ಣು:
ಎಲ್ಲರೂ ಮರೆತ ಒಂದು ಇದೆ, ಕ್ಯಾಮೆರಾ ಕಾವಲು. ದೊಡ್ಡ ಪರೀಕ್ಷೆಗಳಿಗೆ ಕ್ಯಾಮೆರಾ ಆನ್ ಮಾಡಿ ಕೂರಬೇಕಲ್ಲ, ಆ ತಂತ್ರಾಂಶ. ನನ್ನ ಕಣ್ಣುಗುಡ್ಡೆ ತಾನಾಗೇ ಆ ಕಡೆ ಈ ಕಡೆ ಅಲುಗಾಡುತ್ತದೆ, ಹುಟ್ಟಿನಿಂದ. ಅಕ್ಷರ ಕಾಣಲು ಮುಖವನ್ನು ಪರದೆಗೆ ಅಂಟಿಸಿ, ತಲೆ ಓರೆ ಮಾಡಿ ಓದುತ್ತೇನೆ. ಪರೀಕ್ಷೆ ಮುಗಿದ ಮೇಲೆ ನನ್ನ ಹೆಸರಿನ ಮುಂದೆ 'ಅನುಮಾನಾಸ್ಪದ ನೋಟ', 'ಮುಖ ಚೌಕಟ್ಟಿನಲ್ಲಿಲ್ಲ' ಅಂತ ಸಾಲು ಸಾಲು ಕೆಂಪು ಗುರುತು. ನಕಲು ಮಾಡಿಲ್ಲ ಅಂತ ನಾನೇ ಸಾಬೀತು ಮಾಡಬೇಕಾಯಿತು. ಅಂಕ ತಡೆಹಿಡಿದು ಆಮೇಲೆ ಬಿಟ್ಟರು. 'ಕ್ಷಮಿಸಿ' ಅನ್ನೋ ಪದ ಆ ಮೇಲ್‌ನಲ್ಲಿ ಇರಲಿಲ್ಲ.

ಕಿವಿಯೋದು:
ಅಯ್ಯೋ, ಅದು ನನಗೂ ಮುಂದೆ ಕಾದಿದೆ. ಅಂತಿಮ ಪರೀಕ್ಷೆಗೆ ಬೇರೆ ಬ್ರೌಸರ್ ಹಾಕಿಕೊಳ್ಳಬೇಕಂತೆ. ಅದು ಉಳಿದ ಎಲ್ಲ ಪ್ರೋಗ್ರಾಮ್ ಮುಚ್ಚಿಸುತ್ತದೆ. ಸ್ಕ್ರೀನ್ ರೀಡರ್ ಕೂಡ ಅದಕ್ಕೆ 'ಇನ್ನೊಂದು ಪ್ರೋಗ್ರಾಮ್' ಆಗಿಬಿಟ್ಟರೆ?

ಅಲುಗುಕಣ್ಣು:
ಆಗುವುದು ಉಂಟು. ಅಭ್ಯಾಸ ಪರೀಕ್ಷೆ ಕೊಟ್ಟಿದ್ದರೆ ಈಗಲೇ ತೆರೆದು ನೋಡಿ. ಕೊಟ್ಟಿಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ಪರೀಕ್ಷೆಯ ದಿನ ಗೊತ್ತಾದರೆ ಯಾರೂ ಫೋನ್ ಎತ್ತಲ್ಲ. ಕಾವಲಿಗೆ ಮನುಷ್ಯರೇ ಇರಲಿ ಅಂತಲೂ ಬರೆದು ಕೇಳಿ.

ಹೊಸಬ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ವೆಬ್‌ಸೈಟ್‌ಗೆ ಒಂದು ಸಾಲು ಕೋಡ್ ಸೇರಿಸಿದರೆ ತಾನಾಗೇ ಎಲ್ಲ ಸರಿಯಾಗುತ್ತದೆ ಅಂತ ಜಾಹೀರಾತು ನೋಡಿದ್ದೆ. ಮೂಲೆಯಲ್ಲಿ ಒಂದು ಮನುಷ್ಯನ ಚಿಹ್ನೆ ಬರುತ್ತದೆ. ಲೆಕ್ಕಾಚಾರ ಅವರಂಥ ಸಣ್ಣ ತಂಡಕ್ಕೆ ಅದು ಆಗುವುದಿಲ್ವಾ?

ಕೋಡ್‌ಕೆಲಸ:
ಬೇಡ. ಅದು ಕಣ್ಣೊರೆಸುವ ತಂತ್ರ. ಕೀಬೋರ್ಡ್‌ಗೆ ಸಿಗದ ಚೌಕವನ್ನು ಹೊರಗಿನಿಂದ ಹಚ್ಚಿದ ತೇಪೆ ಸಿಗುವ ಹಾಗೆ ಮಾಡಲಾರದು. ಕೆಲವು ಸಲ ಸ್ಕ್ರೀನ್ ರೀಡರ್‌ನ ಕೀಲಿಗಳಿಗೇ ಅಡ್ಡ ಬರುತ್ತದೆ. ಹೀಗೆ ಎಲ್ಲ ಸರಿಮಾಡುತ್ತೇವೆ ಅಂತ ಹೇಳಿಕೊಂಡ ಒಂದು ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು.

ತಾನಾಗಿ ಪರೀಕ್ಷಿಸುವ ಟೂಲ್‌ಗಳು ಬೇರೆ, ಅವನ್ನು ಬಳಸಿ. ಆದರೆ ಅವು ಹೇಳುವುದು ಅರ್ಧ ಮಾತ್ರ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಅಂತ ಹೇಳುತ್ತವೆ. ಆ ವಿವರಣೆಯಲ್ಲಿ 'ಚಿತ್ರ 37' ಅಂತ ಇದ್ದರೂ ಪಾಸ್ ಮಾಡಿಬಿಡಬಹುದು. ಬಾಕ್ಸ್ ಪ್ಲಾಟ್ (ಅಂಕಿಗಳ ಹರವು ತೋರಿಸುವ ನಕ್ಷೆ) ನೋಡಿ ಉತ್ತರಿಸಿ ಅನ್ನುವ ಪ್ರಶ್ನೆಗೆ 'ಚಿತ್ರ 37' ಅಂತ ಕೇಳಿಸಿಕೊಂಡು ಏನು ಮಾಡುವುದು?

ಕಿವಿಯೋದು:
ನನ್ನ ಕ್ವಿಜ್‌ನ ಆರನೇ ಪ್ರಶ್ನೆ ಅದೇ ಥರ ಇರಬಹುದು. ಅಲ್ಲಿಯವರೆಗೆ ಹೋಗಲು ಮೊದಲನೆಯದು ಬಿಡಬೇಕಲ್ಲ! ಸೂತ್ರಗಳದ್ದೂ ಇದೇ ಪಾಡು. ಚಿತ್ರವಾಗಿ ಅಂಟಿಸಿದರೆ ನನಗೆ ಬರೀ 'ಗ್ರಾಫಿಕ್' ಅಂತ ಕೇಳುತ್ತದೆ. ವೆಬ್ ಪುಟದಲ್ಲಿ ಗಣಿತ ಬರೆಯುವ ಮ್ಯಾಥ್‌ಎಂಎಲ್ ಎಂಬ ಕೋಡ್‌ನಲ್ಲಿ ಬರೆದಿದ್ದರೆ ಭಿನ್ನರಾಶಿಯ ಮೇಲೇನಿದೆ, ಕೆಳಗೇನಿದೆ ಅಂತ ಬಾಣದ ಕೀಲಿ ಒತ್ತಿ ಒಳಗೆ ಹೊಕ್ಕು ನೋಡಬಹುದು. ಮ್ಯಾಥ್‌ಎಂಎಲ್ 1998ರಿಂದ ಇದೆ. 2023ರ ಜನವರಿಯಿಂದ ಕ್ರೋಮ್ ಕೂಡ ಅದನ್ನು ನೇರವಾಗಿ ತೋರಿಸುತ್ತದೆ.

ಪಾಠಕಟ್ಟುವವಳು:
ಕನ್ನಡದ ಪಾಠಗಳಿಗೆ ಇನ್ನೊಂದು ತಲೆನೋವು ಸೇರಿಸಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಓದುವುದು ಆ ರಾಶಿಯನ್ನೇ. ಯೂನಿಕೋಡ್‌ಗೆ ಬದಲಿಸದೆ ಬೇರೆ ದಾರಿ ಇಲ್ಲ. ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ಗುರುತು ಹಾಕುವುದನ್ನೂ ಮರೆಯುತ್ತಾರೆ.

ಕಿವಿಯೋದು:
ಆ ಪಿಡಿಎಫ್‌ಗಳ ಸುದ್ದಿ ಎತ್ತಬೇಡಿ, ಬೇರೆ ಥ್ರೆಡ್ ಬೇಕಾಗುತ್ತದೆ. ದೂರು ಬರೆದಿದ್ದೇನೆ, ನೋಡಿ ಹೇಳಿ:

'ಮಾಡ್ಯೂಲ್ 3ರ ಕ್ವಿಜ್, ಪ್ರಶ್ನೆ 1. ನಾನು ಸ್ಕ್ರೀನ್ ರೀಡರ್ ಮತ್ತು ಕೀಬೋರ್ಡ್ ಬಳಸುತ್ತೇನೆ. ಪದಗಳ ಮೇಲೆ ಟ್ಯಾಬ್ ಕೀಲಿಯಿಂದ ಹೋಗಬಹುದು, ಆದರೆ ಆರಿಸಲು ಆಗುವುದಿಲ್ಲ. ಖಾಲಿ ಚೌಕಗಳಿಗೆ ಕೀಬೋರ್ಡ್ ತಲುಪುವುದೇ ಇಲ್ಲ. ಉತ್ತರಿಸದೆ ಮುಂದಿನ ಪ್ರಶ್ನೆಗೆ ಬಿಡುವುದಿಲ್ಲ. ಆದ್ದರಿಂದ ಇಡೀ ಕ್ವಿಜ್ ನನಗೆ ಬಂದ್ ಆಗಿದೆ. ಇದು ಡಬ್ಲ್ಯೂಸಿಎಜಿ 2.1.1ಕ್ಕೆ ವಿರುದ್ಧ. ಟೈಮರ್ ಪ್ರತಿ ಸೆಕೆಂಡಿಗೂ ಓದುವಿಕೆಯನ್ನು ತಡೆಯುತ್ತದೆ. ಪ್ರಶ್ನೆ 1ನ್ನು ಡ್ರಾಪ್‌ಡೌನ್ ರೂಪದಲ್ಲಿ ಕೊಡಿ. ಟೈಮರ್ ಸರಿಪಡಿಸಿ. ಅಲ್ಲಿಯವರೆಗೆ ನನ್ನ ಗಡುವನ್ನು ನಿಲ್ಲಿಸಿ. ಬೇರೆಯವರ ನೆರವು ಪಡೆಯಿರಿ ಎಂಬ ನಿಮ್ಮ ಸಲಹೆ ನಿಮ್ಮದೇ ಪರೀಕ್ಷಾ ನಿಯಮಕ್ಕೆ ವಿರುದ್ಧವಾಗಿದೆ.'

ಲೆಕ್ಕಾಚಾರ:
ಇದು ಚೆನ್ನಾಗಿದೆ. ನನಗೆ ಇಂಥ ಮೇಲ್ ಬಂದರೆ ಅವತ್ತೇ ಕೂತು ಸರಿಮಾಡಬಹುದು. ನಮಗೆ ಸಾಮಾನ್ಯವಾಗಿ ಬರುವುದು 'ನಿಮ್ಮ ಸೈಟ್ ಸರಿ ಇಲ್ಲ' ಅಂತ ಒಂದು ಸಾಲು. ಎಲ್ಲಿ ಹುಡುಕುವುದು? ಅಂದಹಾಗೆ ನಮ್ಮ ಕ್ವಿಜ್‌ಗಳಲ್ಲಿ ಎಳೆದು ಬಿಡುವ ಪ್ರಶ್ನೆ ಎಷ್ಟಿವೆ ಅಂತ ಈಗ ಪಟ್ಟಿ ಮಾಡುತ್ತಿದ್ದೇನೆ. ಡ್ರಾಪ್‌ಡೌನ್ ಮಾತು ಸರಿ ಅನ್ನಿಸಿತು. ಕ್ಯಾಪ್ಷನ್ ಖರ್ಚಿನ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಇನ್ನೂ ಅದೇ.

ಸನ್ನೆಮಾತು:
ಹೊಸ ವಿಡಿಯೊಗಳಿಂದ ಶುರು ಮಾಡಿ. ಮಾತಾಡುವ ಮೊದಲು ಬರೆದಿಟ್ಟುಕೊಂಡ ಸ್ಕ್ರಿಪ್ಟ್ ಇದ್ದೇ ಇರುತ್ತದಲ್ಲ, ಕ್ಯಾಪ್ಷನ್ ಮುಕ್ಕಾಲು ಪಾಲು ಅಲ್ಲೇ ಇದೆ.

ಕೋಡ್‌ಕೆಲಸ:
ದೂರಿಗೆ ಎರಡು ಸೇರಿಸಿ. ಒಂದು, ಎನ್‌ವಿಡಿಎ, ಬ್ರೌಸರ್, ವಿಂಡೋಸ್ ಮೂರರ ಆವೃತ್ತಿ ಸಂಖ್ಯೆ. ಇಲ್ಲದಿದ್ದರೆ ಮೊದಲ ಉತ್ತರವೇ 'ಅಪ್‌ಡೇಟ್ ಮಾಡಿ ನೋಡಿ' ಅಂತ ಬರುತ್ತದೆ. ಇನ್ನೊಂದು, ಎನ್‌ವಿಡಿಎ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ. ಅದು ಮಾತಾಡುವುದನ್ನೆಲ್ಲ ಅಕ್ಷರದಲ್ಲಿ ತೋರಿಸುತ್ತದೆ. ಕ್ವಿಜ್ ತೆರೆದು ಅದನ್ನು ಕಾಪಿ ಮಾಡಿ ಮೇಲ್‌ನಲ್ಲಿ ಅಂಟಿಸಿ. ನೀವು ಕೇಳುವ ವೇಗದ ದನಿಯನ್ನು ರೆಕಾರ್ಡ್ ಮಾಡಿ ಕಳಿಸಿದರೆ ಅಲ್ಲಿ ಕೂತವರಿಗೆ ಒಂದು ಪದವೂ ಅರ್ಥ ಆಗಲ್ಲ. ಹದಿನಾಲ್ಕು ನಿಮಿಷ ಐವತ್ತೆರಡು, ಹದಿನಾಲ್ಕು ನಿಮಿಷ ಐವತ್ತೊಂದು ಅಂತ ಇಡೀ ಪುಟ ಕಣ್ಣಲ್ಲಿ ನೋಡಿದರೆ ಅರ್ಥ ಆಗುತ್ತದೆ. ಅದಕ್ಕೆ ಮೊದಲು ಎನ್‌ವಿಡಿಎ ಜೊತೆ 5 ಒತ್ತಿ ಆ ಸೌಲಭ್ಯವನ್ನು ಮತ್ತೆ ಆನ್ ಮಾಡಿಕೊಳ್ಳಿ.

ಕಿವಿಯೋದು:
ಎರಡೂ ಸೇರಿಸಿದೆ. ಸ್ಪೀಚ್ ವ್ಯೂವರ್‌ನದ್ದು ಮೂರು ಪುಟ ಆಯಿತು, ಪ್ರಶ್ನೆ ಅದರಲ್ಲಿ ಎಲ್ಲೋ ತುಂಡು ತುಂಡಾಗಿ ಇದೆ. ಪಾಠ ಮಾಡುವವರ ವಿಳಾಸವನ್ನೂ ಹಾಕಿ ಕಳಿಸಿದ್ದೇನೆ. ಸಹಾಯ ವಿಭಾಗದಿಂದ ಟಿಕೆಟ್ ಸಂಖ್ಯೆ ಬಂತು. ಕ್ವಿಜ್‌ನ ಗಡುವು ಮಾತ್ರ ಇನ್ನೂ ಹಾಗೇ ತೋರಿಸುತ್ತಿದೆ. ಅದಕ್ಕೆ ಓವರ್‌ರೈಡ್ ಹಾಕಿ ಅಂತ ಪಾಠ ಮಾಡುವವರಿಗೆ ಈಗ ಬೇರೆ ಮೇಲ್ ಬರೆಯುತ್ತಿದ್ದೇನೆ.